ವೃಷಭಾಚಲದ ಹೆಸರು, ದಾರಿಬದಿಯ ಕಲ್ಲು

ಆರು ಖಂಡಗಳ ದಿಗ್ವಿಜಯವನ್ನು ಮುಗಿಸಿದ ಭರತ ಚಕ್ರವರ್ತಿಯು ವೃಷಭಾಚಲದ ಬಳಿಗೆ ಬಂದನು. ಗೆದ್ದವನ ಹೆಸರು ಕಲ್ಲಿನಲ್ಲಿ ಉಳಿಯಬೇಕು ಎಂಬುದು ಅವನ ಬಯಕೆ. ಕಾಕಿಣೀರತ್ನವನ್ನು ಕೈಯಲ್ಲಿ ಹಿಡಿದು, ತನ್ನ ಪ್ರಶಸ್ತಿಯನ್ನು ಕೆತ್ತಲು ನುಣುಪಾದ ಒಂದು ಎಡೆಯನ್ನು ಅರಸಿದನು. ಆ ಬೆಟ್ಟದಲ್ಲಿ ಅಂತಹ ಎಡೆಯೇ ಇರಲಿಲ್ಲ. ತನ್ನಂತೆಯೇ ಭೂಮಂಡಲವನ್ನು ಗೆದ್ದ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟದ ಮೈಯೆಲ್ಲ ತುಂಬಿಹೋಗಿತ್ತು. ಈ ನೆಲವನ್ನು ಆಳುವವನು ತಾನೊಬ್ಬನೇ ಎಂದು ಬಗೆದಿದ್ದ ಭರತನ ಗರ್ವ ಅಲ್ಲಿಯೇ ಇಳಿದುಹೋಯಿತು. ಕೊನೆಗೆ ಯಾರೋ ಒಬ್ಬ ಚಕ್ರವರ್ತಿಯ ಹೆಸರನ್ನು ಅಳಿಸಿ, ಆ ಜಾಗದಲ್ಲಿ ತನ್ನ ಹೆಸರನ್ನು ಬರೆದನು.

ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ಬರುವ ಈ ಪ್ರಸಂಗವನ್ನು ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಆದಿಪುರಾಣವು ಕನ್ನಡಿಗರ ಮನೆಮಾತಾಗಿಸಿತು. ಬಾಹುಬಲಿಯ ಮುಂದೆ ಭರತನು ಸೋತ ಕಥೆ ಎಲ್ಲರಿಗೂ ತಿಳಿದಿದೆ. ಅದಕ್ಕಿಂತ ಮೊದಲೇ ಅವನು ಒಂದು ಕಲ್ಲಿನ ಮುಂದೆ ಸೋತಿದ್ದನು ಎಂಬುದನ್ನು ನೆನೆಯುವವರು ಕಡಿಮೆ. ಅಳಿಸಿಹೋದ ಆ ಹೆಸರು ಯಾರದು? ಕಥೆ ಅದನ್ನು ಹೇಳುವುದಿಲ್ಲ. ಒಬ್ಬನ ಕೀರ್ತಿ ನಿಲ್ಲಬೇಕಾದರೆ ಇನ್ನೊಬ್ಬನ ಕೀರ್ತಿ ಅಳಿಯಬೇಕು. ನಾಳೆ ಬರುವವನು ಇಂದಿನವನ ಹೆಸರನ್ನೂ ಅಳಿಸುತ್ತಾನೆ. ಇಷ್ಟನ್ನು ತಿಳಿಸಲು ಪುರಾಣಕ್ಕೆ ಒಂದು ಬೆಟ್ಟ ಸಾಕಾಯಿತು.

ಹೆದ್ದಾರಿಯ ಬದಿಯಲ್ಲಿ

ವೃಷಭಾಚಲ ದೂರದ್ದು. ಅದರ ಚಿಕ್ಕ ಚಿಕ್ಕ ತುಣುಕುಗಳು ಮಾತ್ರ ನಮ್ಮೂರ ದಾರಿಬದಿಯಲ್ಲಿಯೇ ನಿಂತಿವೆ. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳನ್ನು ರಾಷ್ಟ್ರೀಯ ಹೆದ್ದಾರಿ 66 ಒಂದೇ ದಾರದಲ್ಲಿ ಪೋಣಿಸಿದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಸೀತಾ, ವಾರಾಹಿ, ಸೌಪರ್ಣಿಕಾ ನದಿಗಳು. ವಾಹನದಲ್ಲಿ ಹೋಗುವವರಿಗೆ ಬಾರಕೂರು, ಬಸ್ರೂರು ಎಂಬ ಹೆಸರುಗಳು ಫಲಕದ ಮೇಲಿನ ಬಾಣದ ಗುರುತುಗಳು ಮಾತ್ರ. ಆದರೆ ಆ ಬಾಣ ತೋರಿದ ಕಡೆಗೆ ಸ್ವಲ್ಪ ದೂರ ಸರಿದರೂ ಸಾಕು, ದೇವಾಲಯದ ಅಂಗಳದಲ್ಲಿ, ಬಸದಿಯ ಮುಂದೆ, ಗದ್ದೆಯ ಬದುವಿನಲ್ಲಿ, ಅರಳಿಕಟ್ಟೆಯ ಮಗ್ಗುಲಲ್ಲಿ ಅಕ್ಷರ ಹೊತ್ತ ಕಲ್ಲುಗಳು ಕಾಣಸಿಗುತ್ತವೆ.

ಬ್ರಹ್ಮಾವರ ತಾಲೂಕಿನ ವಡ್ಡರ್ಸೆಯಲ್ಲಿ ಆಳುವರಸನ ಕಾಲದ ಶಾಸನವಿದೆ. ಸುಮಾರು 7ನೆಯ ಶತಮಾನದ್ದೆಂದು ಗುರುತಿಸಲಾದ ಅದು ಕರಾವಳಿಯ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅದೇ ತಾಲೂಕಿನ ಬಾರಕೂರು ಸೀತಾನದಿಯ ದಡದ ಊರು. ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ನಗರ. ‘ಬಾರಕೂರ ಗದ್ಯಾಣ’ ಎಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 14ನೆಯ ಶತಮಾನದಲ್ಲಿ ಈ ಬಂದರನ್ನು ಕಂಡು ‘ಫಾಕನೂರ್’ ಎಂದು ಬರೆದನು. ಅಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವು ಎಂದೂ ತಿಳಿಸಿದನು. ಆ ಹಡಗುಗಳಲ್ಲಿ ಒಂದರ ಹಲಗೆಯೂ ಇಂದಿಲ್ಲ. ಆ ನಗರದ ಜೈನರ ನೆನಪನ್ನು ಕತ್ತಲೆ ಬಸದಿಯ ಕಲ್ಲುಗಳು ಇಂದಿಗೂ ಹೊತ್ತು ನಿಂತಿವೆ.

ಕುಂದಾಪುರದ ಸಮೀಪದ ಬಸ್ರೂರಿನದೂ ಇದೇ ಕಥೆ. ಮೂಡುಕೇರಿ, ಪಡುಕೇರಿ ಎಂದು ಹರಡಿದ್ದ ಆ ವ್ಯಾಪಾರಿ ಪಟ್ಟಣದ ವರ್ತಕ ಸಂಘಗಳ ಹೆಸರುಗಳು ಶಾಸನಗಳಲ್ಲಿವೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದರ ಮೇಲೆ ಕಣ್ಣಿಟ್ಟರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಅಲ್ಲಿಗೆ ಬಂದಿತು. ಇಷ್ಟು ಜನರನ್ನು ಸೆಳೆದ ಸಂಪತ್ತು ಇಂದು ಎಲ್ಲಿ? ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯನ್ನು ಅಭ್ಯಾಸ ಮಾಡಲು ಬಸ್ರೂರಿನ ಬೀದಿಗಿಂತ ಬೇರೆ ಪಾಠಶಾಲೆ ಬೇಕಿಲ್ಲ.

ಬೈಂದೂರನ್ನು ದಾಟಿ ಶಿರೂರಿನ ಗಡಿ ಕಳೆದರೆ ಭಟ್ಕಳ. ಆ ತಾಲೂಕಿನ ಹಾಡುವಳ್ಳಿಯೇ ಸಾಳುವ ಮನೆತನದ ಜೈನ ಅರಸರ ಸಂಗೀತಪುರ. ಅಲ್ಲಿಯ ಜೈನಮಠದ ಗುರುಗಳಾದ ಅಕಲಂಕದೇವರ ಶಿಷ್ಯ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ರಚಿಸಿದನು. ಕನ್ನಡ ನುಡಿಯನ್ನು ಸಂಸ್ಕೃತದ 592 ಸೂತ್ರಗಳಲ್ಲಿ ವಿವರಿಸಿದ ಗ್ರಂಥವದು. ಅರಸರ ಅರಮನೆ ಅಳಿಯಿತು. ನುಡಿಗೆ ಹಾಕಿದ ಆ ಕಟ್ಟು ಉಳಿಯಿತು.

‘ಶಾಸನ’ ಎಂಬ ಪದಕ್ಕೆ ಜೈನರಲ್ಲಿ ಎರಡು ಅರ್ಥಗಳಿವೆ. ಕಲ್ಲಿನಲ್ಲಿ ಕೆತ್ತಿದ್ದು ಶಾಸನ; ಜಿನೇಶ್ವರನ ಉಪದೇಶವೂ ಜಿನಶಾಸನವೇ. ಜೈನ ಶಿಲಾಶಾಸನಗಳಲ್ಲಿ ಅನೇಕವು ಸ್ಯಾದ್ವಾದವೆಂಬ ಗುರುತನ್ನು ಹೊಂದಿದ ಜಿನಶಾಸನಕ್ಕೆ ಜಯವಾಗಲಿ ಎಂಬ ಅಕಲಂಕಾಚಾರ್ಯರ ಶ್ಲೋಕದಿಂದಲೇ ಆರಂಭವಾಗುತ್ತವೆ. ಕಲ್ಲು ನಿಂತಿರುವುದು ಹೆಸರನ್ನು ಹೇಳುವುದಕ್ಕೆ ಮಾತ್ರವಲ್ಲ, ಹೇಗೆ ಬಾಳಬೇಕು ಎಂಬುದನ್ನು ಹೇಳುವುದಕ್ಕೂ ಹೌದು.

ಗೆದ್ದವರ ಕಲ್ಲು, ತೊರೆದವರ ಕಲ್ಲು

ದಾರಿಬದಿಯ ಸ್ಮಾರಕಶಿಲೆಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾದುದು ವೀರಗಲ್ಲು. ಊರಿನ ದನಗಳನ್ನು ಕಾಯುವಾಗ, ಗಡಿಯನ್ನು ಉಳಿಸುವಾಗ, ಒಡೆಯನಿಗಾಗಿ ಹೋರಾಡುವಾಗ ಮಡಿದವನಿಗೆ ಊರವರು ನೆಟ್ಟ ಕಲ್ಲು ಅದು. ಒಳನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಇಷ್ಟದೇವತೆಯ ಸನ್ನಿಧಿ ಇರುತ್ತವೆ. ಕರಾವಳಿಯಲ್ಲಿ ಬ್ರಹ್ಮಾವರದಿಂದ ತೆಂಕಕ್ಕೆ, ಉಡುಪಿಯನ್ನು ದಾಟಿದರೆ ಸಿಗುವ ಉದ್ಯಾವರದಲ್ಲಿ ಸುಮಾರು 8ನೆಯ ಶತಮಾನದ ವೀರಶಾಸನಗಳ ಒಂದು ಗುಂಪೇ ಇದೆ. ಅಂದಿನ ಉದಯಪುರದಲ್ಲಿ ರಣಸಾಗರ, ಚಿತ್ರವಾಹನ, ಶ್ವೇತವಾಹನ ಮೊದಲಾದ ಆಳುಪರ ನಡುವೆ ಪಟ್ಟಕ್ಕಾಗಿ ನಡೆದ ಕಲಹದಲ್ಲಿ ಸತ್ತ ಆಳುಗಳ ನೆನಪಿನ ಕಲ್ಲುಗಳವು. ಒಂದೇ ಮನೆತನದವರ ಆಸೆಗೆ ಊರಿನ ಮಕ್ಕಳು ಪ್ರಾಣ ಕೊಟ್ಟರು. ಭರತ-ಬಾಹುಬಲಿಯರ ಮಂತ್ರಿಗಳು ಸೈನ್ಯಗಳನ್ನು ಹಿಂದಕ್ಕೆ ನಿಲ್ಲಿಸಿ, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಜಗಳವನ್ನು ತೀರಿಸಿಕೊಳ್ಳಲಿ ಎಂದುದರ ಬೆಲೆ ಏನೆಂದು ಉದ್ಯಾವರದ ಕಲ್ಲುಗಳ ಮುಂದೆ ನಿಂತಾಗ ತಿಳಿಯುತ್ತದೆ. ಅಲ್ಲಿ ಮಡಿದವರ ಧೈರ್ಯಕ್ಕೆ ತಲೆಬಾಗೋಣ. ಅವರನ್ನು ಸಾವಿಗೆ ಕಳುಹಿಸಿದ ಕಷಾಯಕ್ಕೆ ತಲೆಬಾಗಬೇಕಾಗಿಲ್ಲ.

ಜೈನರು ನೆಟ್ಟ ನಿಷಿಧಿಗಲ್ಲು ಇನ್ನೊಂದು ಬಗೆಯದು. ಅದರಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ. ಮೇಲೆ ಜಿನಬಿಂಬ, ಕೆಳಗೆ ಆಚಾರ್ಯರು ಕುಳಿತಿದ್ದಾರೆ, ಎದುರಿಗೆ ಕೈಮುಗಿದ ಶಿಷ್ಯ ಅಥವಾ ಶಿಷ್ಯೆ, ನಡುವೆ ಗ್ರಂಥವಿರಿಸುವ ಪೀಠ. ಮರಣವನ್ನು ಎದುರಿಗೆ ಕಂಡು, ಗುರುವಿನ ಅನುಮತಿಯಿಂದ ಆಹಾರವನ್ನೂ ಮಮಕಾರವನ್ನೂ ಕ್ರಮವಾಗಿ ತ್ಯಜಿಸಿ, ಸಮಾಧಿಯಿಂದ ದೇಹವನ್ನು ಬಿಟ್ಟವರ ನೆನಪದು. ಇಂತಹ ಕಲ್ಲುಗಳ ಮಹಾಸಂಗ್ರಹ ಶ್ರವಣಬೆಳಗೊಳದ ಚಂದ್ರಗಿರಿ. ಅಲ್ಲಿಯ 7ನೆಯ ಶತಮಾನದ ಒಂದು ಬರಹ ನಾಗಮತಿ ಗಂತಿಯರದು. ಚಿತ್ತೂರಿನ ಮೌನಿಗುರುಗಳ ಶಿಷ್ಯೆಯಾದ ಆ ತಾಯಿ ಮೂರು ತಿಂಗಳು ವ್ರತವನ್ನು ನಡೆಸಿ ದೇಹವನ್ನು ಮುಡಿಪಿದರು ಎಂದಷ್ಟೇ ಅದು ಹೇಳುತ್ತದೆ. ಗೆದ್ದ ಊರಿಲ್ಲ, ಪಡೆದ ಬಿರುದಿಲ್ಲ. ಇನ್ನೊಂದು ಬರಹ ನಂದಿಸೇನ ಮುನಿಗಳದು. ರೂಪವೂ ಸಿರಿಯೂ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಕ್ಷಣಿಕವೆಂದು ಕಂಡುಕೊಂಡು ಅವರು ಸನ್ಯಸನವನ್ನು ಕೈಗೊಂಡರು.

ಅದೇ ಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವರ ಕಂಬವು ಗಂಗ ದೊರೆ ಮಾರಸಿಂಹನದು. ಅವನು ಗೆದ್ದ ಯುದ್ಧಗಳ ಪಟ್ಟಿ ಆ ಶಾಸನದಲ್ಲಿ ಉದ್ದವಾಗಿದೆ. ಆದರೆ ಅದು ಯುದ್ಧದಲ್ಲಿ ಮುಗಿಯುವುದಿಲ್ಲ. ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನ ಸಲ್ಲೇಖನ ವ್ರತವನ್ನು ಪಾಲಿಸಿ ಅವನು 974ರಲ್ಲಿ ದೇಹವನ್ನು ತೊರೆದನು. ಅಷ್ಟೊಂದು ಗೆಲುವುಗಳ ಪಟ್ಟಿಯ ಕೊನೆಗೆ ಬರುವ ಆ ಮೂರು ದಿನಗಳಿಗಾಗಿಯೇ ಭಕ್ತರು ಇಂದಿಗೂ ಆ ಕಂಬದ ಮುಂದೆ ನಿಲ್ಲುತ್ತಾರೆ.

ಕೊಟ್ಟದ್ದು ಉಳಿಯಿತು

ವೀರಗಲ್ಲು, ನಿಷಿಧಿಗಳಂತೆ ದಾನಶಾಸನವೂ ಇದೆ. ಕರಾವಳಿಯ ಶಾಸನಗಳಲ್ಲಿ ದೊಡ್ಡ ಪಾಲು ಇದರದೇ. ತಲೆಯಲ್ಲಿ ಸೂರ್ಯಚಂದ್ರರ ಗುರುತು. ಅವರಿಬ್ಬರು ಇರುವವರೆಗೆ ಈ ಧರ್ಮ ನಡೆಯಲಿ ಎಂಬುದು ಅದರ ಅರ್ಥ. ಕೆಳಗೆ ಯಾವ ಗದ್ದೆ, ಅದರ ನಾಲ್ಕು ಮೇರೆಗಳಾವುವು, ಎಷ್ಟು ಮುಡಿ ಅಕ್ಕಿ, ಯಾವ ದೇವರ ಅಮೃತಪಡಿಗೆ, ಯಾವ ದೀಪದ ಎಣ್ಣೆಗೆ ಎಂಬ ವಿವರ. ಕೊನೆಗೆ ಈ ಧರ್ಮಕ್ಕೆ ತಪ್ಪಿದವರಿಗೆ ಬರುವ ಪಾಪದ ಎಚ್ಚರಿಕೆ. ಇಂದು ಹೆಬ್ರಿ ತಾಲೂಕಿಗೆ ಸೇರಿದ ವರಂಗದ ನೇಮಿನಾಥ ಬಸದಿಗೆ ವಿಜಯನಗರದ ದೇವರಾಯನು 1424ರಲ್ಲಿ ವರಂಗ ಗ್ರಾಮವನ್ನೇ ದತ್ತಿಯಾಗಿ ಕೊಟ್ಟನು. ಅರಸನು ಜೈನನಲ್ಲ; ಬಸದಿ ಅವನದಲ್ಲ. ಆದರೂ ಕೊಟ್ಟನು. ಕೆರೆಯ ನಡುವಣ ಬಸದಿಗೆ ದೋಣಿಯಲ್ಲಿ ಹೋಗಿ ಬರುವ ಯಾತ್ರಿಕರು ನೆನೆಯಬೇಕಾದ ಸಂಗತಿಯಿದು.

ದಾರಿಬದಿಯ ಕಲ್ಲುಗಳು ಮಾಡಬಲ್ಲ ಕೆಲಸಕ್ಕೆ ಇನ್ನೂ ದೊಡ್ಡ ನಿದರ್ಶನ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಗಳ ಜೈನರು ಅರಸನಲ್ಲಿ ಮೊರೆಯಿಟ್ಟರು. ಬುಕ್ಕರಾಯನು ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಬಗೆಯಬೇಕು ಎಂದು ವಿಧಿಸಿದನು. ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನಿಟ್ಟು, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂದೂ, ಈ ಶಾಸನವನ್ನು ಎಲ್ಲ ಬಸದಿಗಳಲ್ಲಿಯೂ ನೆಡಬೇಕೆಂದೂ ಕಟ್ಟಳೆಯಾಯಿತು. ಶ್ರವಣಬೆಳಗೊಳದಲ್ಲಿಯೂ ಮಾಗಡಿ ತಾಲೂಕಿನ ಕಲ್ಯದಲ್ಲಿಯೂ ಆ ಕಲ್ಲುಗಳು ಇಂದಿಗೂ ಇವೆ. ನೆರೆಯವನ ದೇವಾಲಯವನ್ನು ಕಾಯುವುದು ತನ್ನ ಧರ್ಮವೆಂದು ಕಲ್ಲಿನಲ್ಲಿ ಬರೆಸಿದ ನಾಡು ನಮ್ಮದು. ಈ ಕಲ್ಲು ಒಡೆದುಹೋದರೆ ಒಡೆಯುವುದು ಕಲ್ಲು ಮಾತ್ರವಲ್ಲ, ಕೊಟ್ಟ ಮಾತೂ ಹೌದು.

ಹೆಸರಿಲ್ಲದ ಮಂತ್ರ

ಹೆಸರಿನ ವಿಷಯದಲ್ಲಿ ಜಿನಶಾಸನದ ನಿಲುವೇನು? ಎಂಟು ಕರ್ಮಗಳಲ್ಲಿ ನಾಮಕರ್ಮವೂ ಒಂದು. ಅದರ ಪ್ರಕೃತಿಗಳಲ್ಲಿ ಯಶಃಕೀರ್ತಿ ಎಂಬುದೊಂದು, ಅಯಶಃಕೀರ್ತಿ ಎಂಬುದೊಂದು. ಎಂದರೆ ಲೋಕದಲ್ಲಿ ಹರಡುವ ಕೀರ್ತಿಯೂ ಆತ್ಮಕ್ಕೆ ಅಂಟಿದ ಕರ್ಮದ ಫಲವೇ. ಒಂದಲ್ಲ ಒಂದು ದಿನ ಉದುರಿಹೋಗಬೇಕಾದುದೇ. ಎಲ್ಲ ಕರ್ಮಗಳನ್ನೂ ಕಳಚಿದ ಸಿದ್ಧರಿಗೆ ದೇಹವಿಲ್ಲದಂತೆ ಕೀರ್ತಿಯ ಹಂಗೂ ಇಲ್ಲ. ನಾವು ದಿನವೂ ಜಪಿಸುವ ಣಮೋಕಾರ ಮಹಾಮಂತ್ರವನ್ನೇ ನೋಡಬಹುದು. ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಸರ್ವ ಸಾಧುಗಳಿಗೆ ಅದರಲ್ಲಿ ನಮಸ್ಕಾರವಿದೆ. ಆದರೆ ಒಬ್ಬ ವ್ಯಕ್ತಿಯ ಹೆಸರೂ ಇಲ್ಲ; ವೃಷಭನಾಥರದೂ ಇಲ್ಲ, ಮಹಾವೀರರದೂ ಇಲ್ಲ. ನಮಸ್ಕಾರ ಗುಣಕ್ಕೆ, ಹೆಸರಿಗಲ್ಲ.

ಹಾಗಾದರೆ ಹೆಸರು ಹೊತ್ತ ಕಲ್ಲುಗಳನ್ನು ಕಾಪಾಡುವುದೇಕೆ, ಅವೂ ಅಳಿದುಹೋಗಲಿ ಎಂದು ಯಾರಾದರೂ ಕೇಳಬಹುದು. ತನ್ನ ಹೆಸರು ಉಳಿಯಲಿ ಎಂದು ಬಯಸುವುದು ಮಾನಕಷಾಯ. ಇನ್ನೊಬ್ಬರ ತ್ಯಾಗವನ್ನು, ದಾನವನ್ನು ಮರೆಯದಿರುವುದು ವಿನಯ. ಮೊದಲನೆಯದು ಕರ್ಮಬಂಧಕ್ಕೆ ಕಾರಣ. ಎರಡನೆಯದು ಆಭ್ಯಂತರ ತಪಸ್ಸುಗಳಲ್ಲಿ ಒಂದು. ಭರತನು ತಪ್ಪಿದ್ದು ಇನ್ನೊಬ್ಬರ ಹೆಸರನ್ನು ಅಳಿಸಿದುದರಲ್ಲಿ. ನಾವೂ ಅದೇ ತಪ್ಪನ್ನು ಮಾಡುತ್ತಿದ್ದೇವೆ. ವ್ಯತ್ಯಾಸವಿಷ್ಟೇ, ಅವನು ತಿಳಿದು ಅಳಿಸಿದನು, ನಾವು ತಿಳಿಯದೆ ಅಳಿಸುತ್ತಿದ್ದೇವೆ.

ತೋಡಿನ ಬಳಿ ಬಟ್ಟೆ ಒಗೆಯುವ ಹಾಸುಗಲ್ಲಾದ ಶಾಸನಗಳಿವೆ. ಮಣ್ಣಿನಲ್ಲಿ ಅರ್ಧ ಹುಗಿದುಹೋದ ವೀರಗಲ್ಲುಗಳಿವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣ ಬಳಿಸಿಕೊಂಡು ಅಕ್ಷರ ಕಳೆದುಕೊಂಡ ಕಲ್ಲುಗಳಿವೆ. ರಸ್ತೆ ಅಗಲವಾಗುವಾಗ, ಮನೆಗೆ ಪಾಯ ತೋಡುವಾಗ ಜೆಸಿಬಿಯ ಬಾಯಿಗೆ ಸಿಕ್ಕುವ ಕಲ್ಲು ಶಾಸನವೋ ಬರಿಯ ಬಂಡೆಯೋ ಎಂದು ಕೇಳುವವರಿರುವುದಿಲ್ಲ. ಇದರಲ್ಲಿ ದ್ವೇಷವಿಲ್ಲ, ಪ್ರಮಾದವಿದೆ. ಆದರೆ ಪ್ರಮಾದವನ್ನು ಹಗುರವಾಗಿ ಕಾಣುವ ಧರ್ಮ ನಮ್ಮದಲ್ಲ. ಪ್ರಮಾದದ ಯೋಗದಿಂದ ಪ್ರಾಣಗಳಿಗೆ ಆಗುವ ಘಾತವನ್ನೇ ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯೆಂದಿದ್ದಾರೆ. ಕಲ್ಲಿಗೆ ನೋವಾಗದಿರಬಹುದು, ಎಚ್ಚರವಿಲ್ಲದ ಮನಸ್ಸು ಮಾತ್ರ ಒಂದೇ.

ನಾಲ್ಕು ಮೊಳದ ನೋಟ

ವಿಹಾರದಲ್ಲಿರುವ ಮುನಿಗಳು ಇದೇ ಹೆದ್ದಾರಿಯ ಅಂಚಿನಲ್ಲಿ ಬರಿಗಾಲಿನಲ್ಲಿ ಸಾಗುವುದುಂಟು. ಅವರು ಪಾಲಿಸುವುದು ಈರ್ಯಾಸಮಿತಿ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಒಂದು ಇರುವೆಗೂ ಬಾಧೆಯಾಗದಂತೆ ಹೆಜ್ಜೆಯಿಡುವ ನಿಯಮವದು. ಹಾಗೆ ನಡೆಯುವವರ ಕಣ್ಣಿಗೆ ಇರುವೆಯೂ ಬೀಳುತ್ತದೆ, ಹುಲ್ಲಿನಲ್ಲಿ ಮರೆಯಾದ ಕಲ್ಲೂ ಬೀಳುತ್ತದೆ. ಗೃಹಸ್ಥರು ಎಲ್ಲ ಕಡೆಗೂ ನಡೆದು ಹೋಗಲಾರರು. ಆದರೂ ವಾರಕ್ಕೊಮ್ಮೆ ತಮ್ಮೂರಿನ ದಾರಿಯಲ್ಲಾದರೂ ಆ ನೋಟದಿಂದ ನಡೆಯಬಹುದು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದ ವಿದ್ವಾಂಸ ಪಾದೂರು ಗುರುರಾಜ ಭಟ್ಟರು ತುಳುನಾಡಿನ ಹಳ್ಳಿಹಳ್ಳಿಗಳಲ್ಲಿ ಅಲೆದು ಶಾಸನ, ಗುಡಿ, ಬಸದಿ, ವಿಗ್ರಹಗಳನ್ನು ಗುರುತಿಸಿ, 1975ರಲ್ಲಿ ತಮ್ಮ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಅವರು ಜೈನರಲ್ಲದಿದ್ದರೂ ಬಸದಿಗಳ ಕಲ್ಲುಗಳನ್ನು ಓದಿದರು. ಬುಕ್ಕರಾಯನ ಶಾಸನಕ್ಕೆ ಇದಕ್ಕಿಂತ ಒಳ್ಳೆಯ ಪಾಲನೆ ಯಾವುದು?

ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರಹಕ್ಕೆ ಇಳಿಸಿ ಮುಗಿಸಿದ ದಿನವದು. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ರೂಢಿಯಿದೆ. ಆ ಆಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ನಾಶವಾಗದೆ ಉಳಿದುದು ನಮ್ಮದೇ ಕರಾವಳಿಯ ಮೂಡುಬಿದಿರೆಯಲ್ಲಿ, ಇಂತಹ ಆರೈಕೆಯಿಂದಲೇ. ಅದೇ ದಿನ ಊರಿನ ಶ್ರಾವಕರು ಮಕ್ಕಳನ್ನು ಕರೆದುಕೊಂಡು ಹತ್ತಿರದ ಒಂದು ಶಾಸನಶಿಲೆಯ ಬಳಿಗೂ ಹೋಗಬಹುದು. ಕಲ್ಲಿನ ಮೇಲೆ ಬರೆದುದೂ ಶ್ರುತವೇ ತಾನೆ?

ಮಾಡಬೇಕಾದುದು ಅಲ್ಪ. ಸುತ್ತಲಿನ ಕಳೆಯನ್ನು ಬೇರಿನ ಜೀವಿಗಳಿಗೆ ನೋವಾಗದಂತೆ ಮೆಲ್ಲಗೆ ಸರಿಸುವುದು. ಒಣಗಿದ ಮಣ್ಣನ್ನು ಮೃದುವಾದ ಬ್ರಷ್‌ನಿಂದ, ಬೇಕಾದರೆ ಬರಿಯ ನೀರಿನಿಂದ ಒರೆಸುವುದು. ಆಸಿಡ್, ಮರಳುಕಾಗದ, ಸುಣ್ಣ, ಬಣ್ಣ, ಎಣ್ಣೆ ಇವಾವುವೂ ಕೂಡದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ನೆರಳು ಹಿಡಿದು ಎದ್ದು ಕಾಣುತ್ತವೆ. ಆಗ ಒಂದು ಛಾಯಾಚಿತ್ರ ತೆಗೆದಿಟ್ಟರೆ ಓದಬಲ್ಲವರಿಗೆ ಉಪಕಾರವಾಗುತ್ತದೆ. ಕಲ್ಲನ್ನು ಸ್ವಂತ ಬುದ್ಧಿಯಿಂದ ಕೀಳಬಾರದು, ಸಾಗಿಸಬಾರದು. ಅದು ನಿಂತ ಜಾಗವೂ ಅದರ ಮಾತಿನ ಒಂದು ಭಾಗ. ಹೊಸದಾಗಿ ಕಂಡದ್ದನ್ನು ಗ್ರಾಮ ಪಂಚಾಯತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು. ಸ್ಮಾರಕಗಳ ರಕ್ಷಣೆಗೆ ಕೇಂದ್ರದ 1958ರ ಕಾನೂನೂ ರಾಜ್ಯದ 1961ರ ಕಾನೂನೂ ಇವೆ. ಆದರೆ ಪಟ್ಟಿಗೆ ಸೇರದ ಕಲ್ಲುಗಳಿಗೆ ಊರವರ ಎಚ್ಚರವೇ ಕಾವಲು. ಬುಕ್ಕರಾಯನ ಕಾಲದ ಆ 20 ಕಾವಲಿನವರು ಈಗಿಲ್ಲ. ಅವರ ಸ್ಥಾನ ಬರಿದಾಗಿದೆ.

ಬಹುಕಾಲದ ಮೇಲೆ ಒಂದು ದಿನ ಭರತ ಚಕ್ರವರ್ತಿಯು ಕನ್ನಡಿಯಲ್ಲಿ ತನ್ನ ತಲೆಯ ಒಂದು ನರೆಗೂದಲನ್ನು ಕಂಡನು. ಅದನ್ನು ಕಂಡೊಡನೆ ರಾಜ್ಯವನ್ನು ಮಗನಾದ ಅರ್ಕಕೀರ್ತಿಗೆ ಒಪ್ಪಿಸಿ ದೀಕ್ಷೆಯನ್ನು ಕೈಗೊಂಡನು; ಅಂತರ್ಮುಹೂರ್ತದಲ್ಲಿಯೇ ಅವನಿಗೆ ಕೇವಲಜ್ಞಾನ ಉಂಟಾಯಿತು. ವೃಷಭಾಚಲದಲ್ಲಿ ಅವನು ಕೆತ್ತಿದ ಹೆಸರನ್ನು ಮುಂದೆ ಬಂದ ಯಾವ ಚಕ್ರವರ್ತಿ ಅಳಿಸಿದನೋ! ಆ ಹೊತ್ತಿಗೆ ಭರತನಿಗೆ ಅದರ ಚಿಂತೆಯಿರಲಿಲ್ಲ. ಕಲ್ಲು ಕಲಿಸಬೇಕಾದುದನ್ನು ಅವನಿಗೆ ಕಲಿಸಿ ಮುಗಿಸಿತ್ತು. ನಮ್ಮ ಊರಿನ ಕಲ್ಲುಗಳು ನಮಗೆ ಕಲಿಸಬೇಕಾದುದು ಇನ್ನೂ ಇದೆ. ಅಷ್ಟರವರೆಗಾದರೂ ಅವು ನಿಂತಿರಲಿ.